ತೋರಿಕೆಯೂ ಅರಿವೂ

ಕಾಣದುದನ್ನು ಕಾಣಿಸುವುದೇ ಗುರುವಿನ ಕಾರ್ಯವೆಂದು ನಮ್ಮ ಹಿರಿಯರು ಬಗೆದಿದ್ದರು. ಕಣ್ಣೆದುರಿಗಿರುವ ಮರವನ್ನು ತೋರಿಸಲು ಗುರು ಬೇಕಿಲ್ಲ. ಬೇರಿನಿಂದ ತುದಿಯೆಲೆಯವರೆಗೆ ನೀರು ಏರುವ ಬಗೆಯನ್ನು ಮನಗಾಣಿಸಲು ಗುರು ಬೇಕು. ಎದೆಯ ಬಡಿತ ಎಲ್ಲರ ಅನುಭವಕ್ಕೂ ಬರುತ್ತದೆ. ಆ ಬಡಿತದ ಹಿಂದೆ ನಾಲ್ಕು ಕೋಣೆಗಳು ಕುಗ್ಗಿ ಹಿಗ್ಗುವ ಕ್ರಮವನ್ನು ತಿಳಿಸಿಕೊಡಲು ಗುರು ಬೇಕು. ಹೀಗಿರುವಾಗ, ಕಾಣದುದನ್ನು ನೇರವಾಗಿ ಕಣ್ಣಿಗೇ ಕಾಣಿಸುವ ಉಪಕರಣವೊಂದು ಪ್ರೌಢಶಾಲೆಯ ಬಾಗಿಲಿಗೆ ಬಂದು ನಿಂತಿದೆ. ಅದು ಒಳಗೆ ಬಂದ ಮೇಲೆ ಗುರುವಿಗೆ ಉಳಿಯುವ ಕಾರ್ಯವೇನು? ಅದರಲ್ಲಿ ಕಂಡ ವಿದ್ಯಾರ್ಥಿಯು ಅರಿತವನಾದನೆಂದು ಹೇಳಬಹುದೇ? ವಾಚಕರೇ, ಈ ಪ್ರಶ್ನೆಯನ್ನು ನಿಮ್ಮೊಡನೆ ಸಾವಧಾನವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆ ಉಪಕರಣಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ಅದನ್ನು ವರ್ಧಿತ ವಾಸ್ತವ ಎನ್ನುತ್ತಾರೆ. ಮೊಬೈಲ್ ಫೋನಿನ ಕ್ಯಾಮೆರಾವನ್ನು ಪಠ್ಯಪುಸ್ತಕದ ಚಿತ್ರದ ಮೇಲೆ ಹಿಡಿದರೆ ಪರದೆಯಲ್ಲಿ ಪುಟವೂ ಕಾಣುತ್ತದೆ, ಪುಟದಿಂದ ಮೇಲೆದ್ದು ನಿಂತ ಹೃದಯವೂ ಕಾಣುತ್ತದೆ. ನೀವು ಸುತ್ತಿ ಬಂದರೆ ಅದರ ಹಿಂಬದಿ ಕಾಣುತ್ತದೆ. ಬಾಗಿದರೆ ಅದರ ಒಳಭಾಗ ಕಾಣುತ್ತದೆ. ಕಣ್ಣಿಗೆ ಮುಚ್ಚಳ ಹಾಕಿ ಬೇರೊಂದು ಲೋಕಕ್ಕೆ ಒಯ್ಯುವ ಯಂತ್ರಗಳು ಬೇರೆ. ಇದು ನಮ್ಮ ಲೋಕವನ್ನು ಇದ್ದಲ್ಲಿಯೇ ಇರಗೊಟ್ಟು ಅದರ ಮೇಲೆ ಇಲ್ಲದುದನ್ನು ಹೊದಿಸುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅಮೆರಿಕದ ಐವನ್ ಸದರ್ಲ್ಯಾಂಡ್ ಎಂಬ ವಿಜ್ಞಾನಿಯು ತಲೆಗೆ ತೊಡುವ ಇಂಥ ಮೊದಲ ಯಂತ್ರವನ್ನು 1968ರಲ್ಲಿಯೇ ತೋರಿಸಿದನು; ಅದರ ಭಾರವನ್ನು ತಾಳಲು ಅದನ್ನು ಮಾಡಿಗೆ ತೂಗುಹಾಕಬೇಕಾಗಿತ್ತು. ಇಂದಿನ ಹೆಸರು ಬಂದುದು 1990ರ ದಶಕದ ಆರಂಭದಲ್ಲಿ, ಬೋಯಿಂಗ್ ವಿಮಾನ ಕಾರ್ಖಾನೆಯಿಂದ. ವಿಮಾನದೊಳಗಿನ ತಂತಿಗಳನ್ನು ಜೋಡಿಸುವ ಕೆಲಸಗಾರರ ಕಣ್ಣೆದುರಿಗೇ ಜೋಡಣೆಯ ನಕ್ಷೆ ಮೂಡುವಂತೆ ಮಾಡಬೇಕೆಂದು ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಜೆಲ್ ಎಂಬ ಇಬ್ಬರು ಯತ್ನಿಸಿದರು. 1997ರಲ್ಲಿ ರೊನಾಲ್ಡ್ ಅಜುಮಾ ಎಂಬ ವಿದ್ವಾಂಸನು ಇದಕ್ಕೆ ಮೂರು ಲಕ್ಷಣಗಳನ್ನು ನಿರ್ಣಯಿಸಿದನು: ನಿಜವೂ ಕಲ್ಪಿತವೂ ಒಂದೆಡೆ ಸೇರಿರಬೇಕು, ನಾವು ಚಲಿಸಿದಂತೆ ಅದು ಆ ಕ್ಷಣವೇ ಸ್ಪಂದಿಸಬೇಕು, ಕಲ್ಪಿತವು ಮೂರು ಆಯಾಮಗಳಲ್ಲಿ ತನ್ನ ಸ್ಥಾನದಲ್ಲಿ ಸ್ಥಿರವಾಗಿ ನಿಲ್ಲಬೇಕು. ಈ ಮೂರನೆಯ ಲಕ್ಷಣವನ್ನು ನೆನಪಿನಲ್ಲಿಡಿರಿ. ಮುಂದಿನ ವಿಚಾರವೆಲ್ಲವೂ ಅದನ್ನೇ ಆಧರಿಸಿದೆ.

ಹೊಸ ಯಂತ್ರ ಬಂದಾಗಲೆಲ್ಲ ವಿದ್ಯಾಕ್ಷೇತ್ರದಲ್ಲಿ ಒಂದು ಮಹದಾಶೆ ಹುಟ್ಟುತ್ತದೆ. ಶಾಲೆಗಳಲ್ಲಿ ಪುಸ್ತಕಗಳ ಕಾಲ ಬೇಗನೆ ಮುಗಿಯುವುದೆಂದೂ, ಇನ್ನು ಚಲಚ್ಚಿತ್ರದ ಮೂಲಕ ಕಣ್ಣಿನಿಂದಲೇ ಕಲಿಕೆ ನಡೆಯುವುದೆಂದೂ ಥಾಮಸ್ ಎಡಿಸನ್ 1913ರಲ್ಲಿ ನುಡಿದಿದ್ದನು. ಶತಮಾನ ಕಳೆದರೂ ಪುಸ್ತಕ ಉಳಿದಿದೆ. ನಮ್ಮ ನಾಡಿಗೂ ಇಂಥ ಅನುಭವವಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ದೂರದರ್ಶನ ಪಾಠಗಳನ್ನು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದ್ದವು. ನಮ್ಮ ವಾಚಕರಲ್ಲಿ ಹಿರಿಯರು ಕೆಲವರು ಅದನ್ನು ಕಂಡಿರಲೂಬಹುದು. ಉಪಗ್ರಹವು ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ದೊರೆತದ್ದು. ಅವಧಿ ಮುಗಿದೊಡನೆ ಆ ಪ್ರಸಾರವೂ ಮುಗಿಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ನಮ್ಮವರೇ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರ ಪಾಠಗಳು ಬಂದವು. 2010ರಲ್ಲಿ ಅದೂ ಸೇವೆಯಿಂದ ನಿವೃತ್ತವಾಯಿತು. ಈ ಪ್ರಯತ್ನಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅವುಗಳಿಂದ ದೇಶ ಬಹಳಷ್ಟನ್ನು ಕಲಿಯಿತು. ಆದರೆ ಯಂತ್ರಕ್ಕೆ ಆಯುಷ್ಯವಿದೆ, ಅದು ಹೋದ ಮೇಲೆ ಮಗುವಿನಲ್ಲಿ ಉಳಿದುದೇನು ಎಂಬ ಪ್ರಶ್ನೆ ಮಾತ್ರ ಪ್ರತಿ ಸಲವೂ ಉಳಿಯುತ್ತದೆ.

1983ರಲ್ಲಿ ರಿಚರ್ಡ್ ಕ್ಲಾರ್ಕ್ ಎಂಬ ಶಿಕ್ಷಣಶಾಸ್ತ್ರಜ್ಞನು ಈ ಪ್ರಶ್ನೆಗೆ ಕಟುವಾದ ಉತ್ತರವನ್ನಿತ್ತನು. ದಿನಸಿಯನ್ನು ಹೊತ್ತು ತರುವ ಗಾಡಿಯಿಂದ ಉಣ್ಣುವವನ ಪುಷ್ಟಿ ಹೇಗೆ ಹೆಚ್ಚದೋ ಹಾಗೆ ಪಾಠವನ್ನು ಹೊತ್ತು ತರುವ ಮಾಧ್ಯಮದಿಂದ ಕಲಿಕೆ ಹೆಚ್ಚದು, ಪಾಠದ ಕ್ರಮವೇ ಮುಖ್ಯ ಎಂಬುದು ಅವನ ವಾದದ ಸಾರ. ಇದನ್ನು ರಾಬರ್ಟ್ ಕೊಜ್ಮಾ ಎಂಬ ಇನ್ನೊಬ್ಬ ವಿದ್ವಾಂಸನು ಒಪ್ಪಲಿಲ್ಲ. ಕೆಲವು ಮಾಧ್ಯಮಗಳಿಗೆ ಮಾತ್ರ ಸಾಧ್ಯವಾಗುವ ತೋರುವಿಕೆಗಳಿವೆ, ಅವು ಮನಸ್ಸಿನೊಳಗಿನ ಚಿತ್ರವನ್ನೇ ತಿದ್ದಬಲ್ಲವು ಎಂದು ಅವನು ಪ್ರತಿವಾದಿಸಿದನು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆಯೆಂದು ನನಗೆ ತೋರುತ್ತದೆ. ಆದ್ದರಿಂದ ವರ್ಧಿತ ವಾಸ್ತವದಿಂದ ದೊರೆಯುವ ಲಾಭವನ್ನು ಮೊದಲು ಪ್ರಾಮಾಣಿಕವಾಗಿ ಎಣಿಸಬೇಕು.

ಮೊದಲನೆಯ ಲಾಭ ದಯೆಗೆ ಸಂಬಂಧಿಸಿದುದು. ಜೀವಶಾಸ್ತ್ರದ ಹೆಸರಿನಲ್ಲಿ ಕಪ್ಪೆಗಳನ್ನು ಕೊಯ್ಯುವ ಪದ್ಧತಿ ಬಹುಕಾಲ ನಡೆದುಬಂದಿತು. ಪ್ರಾಣಿಗಳನ್ನು ಕೊಯ್ಯುವುದನ್ನು ಹಂತಹಂತವಾಗಿ ಕೈಬಿಡುವ ಮಾರ್ಗಸೂತ್ರಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಹೊರಡಿಸಿತು. ಅಹಮದಾಬಾದಿನ ಡಿಸೈನ್‌ಮೇಟ್ ಸಂಸ್ಥೆಯವರು ರಚಿಸಿದ ಫ್ರಾಗಿಪೀಡಿಯ ಎಂಬ ತಂತ್ರಾಂಶದಲ್ಲಿ ಕಪ್ಪೆಯೊಂದು ಮೇಜಿನ ಮೇಲೆ ಮೂಡುತ್ತದೆ. ಅದರ ಚರ್ಮ, ಸ್ನಾಯು, ಕರುಳುಗಳನ್ನು ಪದರಪದರವಾಗಿ ಬಿಡಿಸಿ ನೋಡಬಹುದು. ಯಾವ ಜೀವವೂ ನೋಯುವುದಿಲ್ಲ. ಜೀವದ ಬಗೆಗೆ ತಿಳಿಯಲು ಜೀವ ತೆಗೆಯಬೇಕೆಂಬ ಸಂಕಟದಿಂದ ಎಳೆಯ ಮನಸ್ಸೊಂದು ಪಾರಾಗುವುದಾದರೆ ಅದನ್ನು ಸ್ವಾಗತಿಸದವರಾರು?

ಎರಡನೆಯ ಲಾಭ ಕೈಗೆ ಸಂಬಂಧಿಸಿದುದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು ಮರಳಿನ ಪೆಟ್ಟಿಗೆಯೊಂದನ್ನು ಸಿದ್ಧಗೊಳಿಸಿದ್ದಾರೆ. ಮೇಲಿನ ಕ್ಯಾಮೆರಾ ಮರಳಿನ ಏರುತಗ್ಗುಗಳನ್ನು ಅಳೆಯುತ್ತದೆ. ಪಕ್ಕದ ದೀಪಯಂತ್ರವು ಆ ಏರುತಗ್ಗುಗಳಿಗೆ ತಕ್ಕ ಬಣ್ಣವನ್ನೂ ಸಮೋನ್ನತಿ ರೇಖೆಗಳನ್ನೂ ಮರಳಿನ ಮೇಲೆಯೇ ಚೆಲ್ಲುತ್ತದೆ. ಮಕ್ಕಳು ಗುಡ್ಡವನ್ನು ಕೂಡಿದರೆ ರೇಖೆಗಳು ಒತ್ತಾಗುತ್ತವೆ, ಬಯಲು ಮಾಡಿದರೆ ದೂರವಾಗುತ್ತವೆ. ಮೇಲೆ ಅಂಗೈ ಚಾಚಿದರೆ ಬೆಳಕಿನ ಮಳೆ ಸುರಿದು ಕಣಿವೆಯತ್ತ ಹರಿಯುತ್ತದೆ. ಭೂಗೋಳದ ಪುಸ್ತಕದಲ್ಲಿ ಆ ರೇಖೆಗಳನ್ನು ಕಂಡು ಕಂಗಾಲಾದ ಮಗುವಿಗೆ ಇದು ಕ್ಷಣಾರ್ಧದಲ್ಲಿ ಅರ್ಥವಾಗುತ್ತದೆ. ಏಕೆ? ಮರಳನ್ನು ಒಟ್ಟಿದುದು ಅದರದೇ ಕೈ. ಯಂತ್ರವು ಆ ಕೈಗೆಲಸಕ್ಕೆ ಒಂದು ವ್ಯಾಖ್ಯಾನವನ್ನಷ್ಟೇ ಬರೆಯಿತು.

ಇಲ್ಲಿ ನಮ್ಮ ಐಗಳ ಮಠಗಳ ನೆನಪಾಗುವುದು ಸಹಜ. ಅಲ್ಲಿಯೂ ಮಕ್ಕಳು ಉಸುಕಿನ ಮೇಲೆಯೇ ಅಕ್ಷರ ತಿದ್ದುತ್ತಿದ್ದರು. ಉಸುಕಿನ ಒಂದು ಗುಣವೆಂದರೆ ಅದು ಅಕ್ಷರವನ್ನು ಉಳಿಸಿಕೊಳ್ಳುವುದಿಲ್ಲ. ಮುಂದಿನದನ್ನು ಬರೆಯಬೇಕಾದರೆ ಹಿಂದಿನದನ್ನು ಅಳಿಸಲೇಬೇಕು. ಹೊರಗೆ ಅಳಿಸಿದುದು ಒಳಗೆ ಉಳಿಯಬೇಕಾಗಿತ್ತು. ಈ ಅಳಿಸುವಿಕೆಯಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರದ ಸುಳಿವಿದೆ.

ವೇದಾಂತಶಾಸ್ತ್ರದಲ್ಲಿ ಅಧ್ಯಾರೋಪ, ಅಪವಾದ ಎಂಬ ಎರಡು ಮಾತುಗಳಿವೆ. ಇಲ್ಲದುದನ್ನು ಇದ್ದುದರ ಮೇಲೆ ಹೊರಿಸುವುದು ಅಧ್ಯಾರೋಪ. ಹೊರಿಸಿದುದನ್ನು ಹಿಂದಕ್ಕೆ ತೆಗೆಯುವುದು ಅಪವಾದ. ಹಗ್ಗದಲ್ಲಿ ಹಾವನ್ನು ಕಾಣುವುದು ಭ್ರಾಂತಿ. ಆದರೆ ಸೂಕ್ಷ್ಮವಾದುದನ್ನು ತಿಳಿಸುವ ಸಲುವಾಗಿ ಗುರುವು ತಾನಾಗಿಯೇ ಒಂದು ಆರೋಪವನ್ನು ಮಾಡಿ, ಶಿಷ್ಯನು ಅಲ್ಲಿಗೆ ಮುಟ್ಟಿದೊಡನೆ ಅದನ್ನು ಕಳಚಿಬಿಡುವುದು ಬೋಧನೆ. ಅರುಂಧತೀ ನ್ಯಾಯವೂ ಇದೇ. ಮಸುಕಾದ ಅರುಂಧತಿಯನ್ನು ತೋರಿಸಬೇಕಾದವನು ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನು ತೋರಿಸಿ ಇದೇ ಅರುಂಧತಿಯೆನ್ನುತ್ತಾನೆ. ದೃಷ್ಟಿ ಅಲ್ಲಿ ನಿಂತ ಮೇಲೆ, ಅದಲ್ಲ, ಅದರ ಪಕ್ಕದ ಸಣ್ಣದು ಎನ್ನುತ್ತಾನೆ. ಯಾವ ದರ್ಶನವನ್ನು ಅನುಸರಿಸುವವರಾದರೂ ಈ ಕ್ರಮದ ಔಚಿತ್ಯವನ್ನು ಒಪ್ಪುವರು. ಆರೋಪ ಮಾಡಿ ಅಪವಾದ ಮಾಡದೆ ಹೋದ ಗುರುವು ಶಿಷ್ಯನನ್ನು ದಾರಿಯ ನಡುವೆ ಬಿಟ್ಟವನಾಗುತ್ತಾನೆ.

ವರ್ಧಿತ ವಾಸ್ತವವು ಅಕ್ಷರಶಃ ಅಧ್ಯಾರೋಪವೇ. ಅದು ಮೇಜಿನ ಮೇಲೆ ಕಪ್ಪೆಯನ್ನೂ ಪುಟದ ಮೇಲೆ ಹೃದಯವನ್ನೂ ಆರೋಪಿಸುತ್ತದೆ. ಆದರೆ ಅಪವಾದವನ್ನು ಮಾಡಲು ಅದಕ್ಕೆ ಬಾರದು. ಪರದೆಯನ್ನು ಆರಿಸಿದರೆ ಚಿತ್ರ ಮಾಯವಾಗುತ್ತದೆಯೇ ಹೊರತು ಚಿತ್ರವು ಬಿಟ್ಟುಹೋದ ತಪ್ಪು ಕಲ್ಪನೆ ಮಾಯವಾಗುವುದಿಲ್ಲ. ಇದನ್ನು ಮೂರು ಪಾಠಗಳಿಂದ ನೋಡೋಣ.

ದಂಡಕಾಂತದ ಸುತ್ತ ಬಲರೇಖೆಗಳು ಬಾಗಿ ನಿಂತಿರುವುದನ್ನು ಈ ಉಪಕರಣ ಸೊಗಸಾಗಿ ತೋರಿಸುತ್ತದೆ. ಆದರೆ ಕಾಂತದ ಸುತ್ತ ಇರುವುದು ಕ್ಷೇತ್ರ. ರೇಖೆಗಳು ನಾವು ಎಳೆದುಕೊಂಡ ಗುರುತುಗಳು. ಎರಡು ರೇಖೆಗಳ ನಡುವೆ ಬಲವಿಲ್ಲವೆಂದಲ್ಲ. ಎಷ್ಟು ರೇಖೆಗಳಿರಬೇಕೆಂಬುದು ಚಿತ್ರಕಾರನ ಇಷ್ಟ. ಬಲರೇಖೆಗಳ ಕಲ್ಪನೆಯನ್ನು ಬೆಳೆಸಿದ ಮೈಕೆಲ್ ಫ್ಯಾರಡೆಯೇ ಅವು ನಿಜವಾಗಿ ಇವೆಯೋ ಇಲ್ಲವೋ ಎಂದು ಬಹಳ ಕಾಲ ಚಿಂತಿಸಿದನು. ಅಂಥ ಮಹನೀಯನನ್ನು ಕಾಡಿದ ಪ್ರಶ್ನೆಯು ಒಂಬತ್ತು, ಹತ್ತನೆಯ ತರಗತಿಯ ಮಗುವಿನ ಮನಸ್ಸಿನಲ್ಲಿ ಏಳದಂತೆ ಈ ಚಿತ್ರ ಮಾಡಿಬಿಡುತ್ತದೆ. ಏಕೆಂದರೆ ಕಣ್ಣಾರೆ ಕಂಡುದನ್ನು ಯಾರು ಪ್ರಶ್ನಿಸುತ್ತಾರೆ?

ಎರಡನೆಯದು ರಕ್ತ ಪರಿಚಲನೆ. ಆಮ್ಲಜನಕ ಕಡಮೆಯಾದ ರಕ್ತವನ್ನು ಚಿತ್ರಗಳಲ್ಲಿ ನೀಲಿಯಾಗಿ ತೋರಿಸುವುದು ರೂಢಿ. ವಸ್ತುತಃ ಅದು ಕಡುಗೆಂಪು. ನೀಲಿ ರಕ್ತ ಮನುಷ್ಯನಲ್ಲಿ ಇಲ್ಲ. ಪುಸ್ತಕದ ನೀಲಿಯನ್ನು ಮಗು ಬಣ್ಣವೆಂದು ಬಿಡಬಹುದು. ತನ್ನ ಸ್ನೇಹಿತನ ಎದೆಯ ಮೇಲೆಯೇ ನೀಲಿ ಹರಿಯುವುದನ್ನು ಕಂಡರೆ ಅದನ್ನು ಅಷ್ಟು ಸುಲಭವಾಗಿ ಬಿಡಲಾರದು.

ಮೂರನೆಯದು ಸೌರವ್ಯೂಹ. ಮೇಜಿನ ಮೇಲೆ ಎಂಟು ಗ್ರಹಗಳೂ ಸೂರ್ಯನ ಸುತ್ತ ಸುತ್ತುವ ದೃಶ್ಯ ರಮಣೀಯವಾದುದು. ಆದರೆ ಅಳತೆಯಲ್ಲಿ ಅಸತ್ಯವಾದುದು. ಸೂರ್ಯನನ್ನು 14 ಸೆಂಟಿಮೀಟರ್ ವ್ಯಾಸದ, ತೆಂಗಿನಕಾಯಿಯಂಥ ಒಂದು ಗುಂಡು ಎಂದು ಭಾವಿಸಿದರೆ ಭೂಮಿಯು ಸುಮಾರು 1.3 ಮಿಲಿಮೀಟರಿನ ಒಂದು ರಾಗಿಕಾಳು; ಅದು ಇರಬೇಕಾದುದು 15 ಮೀಟರ್ ದೂರದಲ್ಲಿ. ನೆಪ್ಚೂನ್ ಗ್ರಹವು ಸುಮಾರು 450 ಮೀಟರ್ ದೂರದಲ್ಲಿ, ಶಾಲೆಯ ಬೇಲಿಯಾಚೆ ಎಲ್ಲಿಯೋ ಇರಬೇಕು. ಮೇಜಿನ ಮೇಲೆ ಹಿಡಿಸಬೇಕಾದರೆ ಗಾತ್ರವನ್ನಾದರೂ ದೂರವನ್ನಾದರೂ ಸುಳ್ಳಾಗಿಸಲೇಬೇಕು. ಒಂದು ಕಾಯಿ, ಒಂದು ರಾಗಿಕಾಳು, ಆಟದ ಬಯಲಿನಲ್ಲಿ ಹದಿನೈದು ಮೀಟರ್ ನಡಿಗೆ, ಇಷ್ಟರಿಂದ ಆಕಾಶದ ಶೂನ್ಯವು ಮಗುವಿಗೆ ತಿಳಿಯುತ್ತದೆ. ಆ ಶೂನ್ಯವನ್ನು ಮೇಜಿನ ಚಿತ್ರ ಮುಚ್ಚಿಡುತ್ತದೆ.

ನೀವು ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ಹೃದಯವೂ ಸುಳ್ಳೇ ಅಲ್ಲವೇ? ಗೋಡೆಯ ನಕ್ಷೆಯೂ ಆರೋಪವೇ ಅಲ್ಲವೇ? ಅವುಗಳನ್ನು ಒಪ್ಪಿದವರು ಇದನ್ನೇಕೆ ಶಂಕಿಸಬೇಕು? ಆಕ್ಷೇಪ ಯುಕ್ತವಾಗಿದೆ. ಆದರೆ ಸೀಮೆಸುಣ್ಣದ ಚಿತ್ರವು ತಾನು ಚಿತ್ರವೆಂಬುದನ್ನು ಮರೆಮಾಚುವುದಿಲ್ಲ. ಅದರ ಗೆರೆ ವಕ್ರವಾಗಿರುತ್ತದೆ, ಅದನ್ನು ಬರೆದ ಉಪಾಧ್ಯಾಯರು ಎದುರಿಗೇ ನಿಂತಿರುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಅದನ್ನು ಒರಸುತ್ತಾರೆ. ವರ್ಧಿತ ವಾಸ್ತವದ ಶಕ್ತಿಯಿರುವುದೇ ತಾನು ಚಿತ್ರವೆಂಬುದನ್ನು ಮರೆಸುವುದರಲ್ಲಿ. ಅಜುಮಾ ಹೇಳಿದ ಮೂರನೆಯ ಲಕ್ಷಣ ಇದೇ: ಕಲ್ಪಿತವು ನಿಜದ ನಡುವೆ ತನ್ನ ಸ್ಥಾನದಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಆದಕಾರಣ ಸಾಧನವು ಎಷ್ಟು ಉತ್ತಮವೋ ಅಪವಾದದ ಅಗತ್ಯವೂ ಅಷ್ಟು ಹೆಚ್ಚು.

ನಕ್ಷತ್ರಗಳನ್ನು ಗುರುತಿಸುವ ತಂತ್ರಾಂಶಗಳನ್ನು ನೋಡಿರಿ. 2009ರಲ್ಲಿ ಸ್ಕೈ ಮ್ಯಾಪ್ ಬಂದಂದಿನಿಂದ ಇಂಥವು ಜನಪ್ರಿಯವಾಗಿವೆ. ಫೋನನ್ನು ಆಕಾಶದತ್ತ ಎತ್ತಿದರೆ ನಕ್ಷತ್ರದ ಹೆಸರು ಮೂಡುತ್ತದೆ. ಆದರೆ ಆ ಫೋನು ಆಕಾಶವನ್ನು ನೋಡುವುದೇ ಇಲ್ಲ. ಅದು ಇರುವ ಸ್ಥಳ, ವೇಳೆ, ತಿರುಗಿರುವ ದಿಕ್ಕು ಇವುಗಳಿಂದ ಲೆಕ್ಕ ಹಾಕಿ ಹೇಳುತ್ತದೆ. ಮುಚ್ಚಿದ ಕೋಣೆಯಲ್ಲಿ ಸೂರಿನತ್ತ ಹಿಡಿದರೂ ನಕ್ಷತ್ರಗಳು ಕಾಣುತ್ತವೆ. ನೆಲದತ್ತ ಹಿಡಿದರೆ ಭೂಮಿಯಾಚೆಯ ಆಕಾಶ ಕಾಣುತ್ತದೆ. ಇದು ಅದ್ಭುತವೇ ಸರಿ. ಆದರೆ ಕತ್ತಲೆಗೆ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಪರದೆಯ ಬೆಳಕು ಅದನ್ನು ಮತ್ತೆ ಮತ್ತೆ ಕೆಡಿಸುತ್ತದೆ. ಒಮ್ಮೆ ಹೆಸರು ತಿಳಿದು ಫೋನನ್ನು ಕಿಸೆಗೆ ಸೇರಿಸಿದವನಿಗೆ ಅರುಂಧತಿ ಕಾಣುತ್ತಾಳೆ. ಕೆಳಗಿಡದವನಿಗೆ ಅವಳ ಹೆಸರು ಮಾತ್ರ ಕಾಣುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಪ್ರಯೋಗಶಾಲೆಯೇ ಇಲ್ಲದ ಹಳ್ಳಿಯ ಪ್ರೌಢಶಾಲೆಗೆ ಇದು ವರವಲ್ಲವೇ? ನಿಶ್ಚಯವಾಗಿಯೂ ವರವಾಗಬಹುದು. ನಮ್ಮ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಇಂಥ ಪಾಠಗಳನ್ನು ಉಚಿತವಾಗಿ ಒದಗಿಸಲು ಯತ್ನಿಸಿದೆ. ದೀಕ್ಷಾ ಜಾಲತಾಣದ ಸಂಕೇತಗಳು ಪಠ್ಯಪುಸ್ತಕಗಳಲ್ಲಿ ಅಚ್ಚಾಗುತ್ತಿವೆ. ಆದರೆ ವರವು ಯಾರ ಕೈಗೆ ಮುಟ್ಟುತ್ತದೆಂಬುದನ್ನು ಕೋವಿಡ್ ಕಾಲವು ನಮಗೆ ಕಲಿಸಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವು ಫೋನಿಗೆ ಹೋಯಿತು; ಮನೆಯ ಒಂದೇ ಫೋನು ತಂದೆಯೊಡನೆ ಕೂಲಿಗೆ ಹೋಯಿತು; ಮಗು ಬರಿಗೈಯಲ್ಲಿ ಉಳಿಯಿತು. ಆಗ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಎಂಬ ಯೋಜನೆಯಡಿ ಉಪಾಧ್ಯಾಯರು ತಾವೇ ಊರೂರಿಗೆ ಹೋಗಿ ಗುಡಿಯ ಕಟ್ಟೆಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಉಪಕರಣ ಮುಟ್ಟದ ಕಡೆಗೆ ಮನುಷ್ಯನು ನಡೆದು ಮುಟ್ಟಿದನು. ಇದ್ದವರ ಮಕ್ಕಳಿಗೆ ಮೇಲೇಳುವ ಹೃದಯ, ಇಲ್ಲದವರ ಮಕ್ಕಳಿಗೆ ಮಾಸಿದ ಪುಟ ಎಂಬ ಭೇದವನ್ನು ಹೆಚ್ಚಿಸುವ ಯಾವ ಸಾಧನವನ್ನೂ ವಿದ್ಯೆಯ ಸಾಧನವೆಂದು ಕರೆಯಲು ಮನಸ್ಸು ಒಡಂಬಡದು.

ಇನ್ನೊಂದು ಮಾತು. ಈ ಉಪಕರಣ ತೋರಿಸಬೇಕಾದರೆ ಮೊದಲು ತಾನು ನೋಡಬೇಕು. ಅದರ ಕ್ಯಾಮೆರಾ ತೆರೆದೇ ಇರಬೇಕು. ತರಗತಿ, ಮಕ್ಕಳ ಮುಖ, ಮನೆಯ ಒಳಗು ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಸೀಮೆಸುಣ್ಣಕ್ಕೆ ಈ ದೋಷವಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳನ್ನು ಬಳಸಲು ತಂದೆತಾಯಿಗಳ ಸಮ್ಮತಿ ಬೇಕೆಂಬ ತತ್ತ್ವವನ್ನು ಅಂಗೀಕರಿಸಿದೆ. ಸಮ್ಮತಿಯೆಂದರೆ ಅರ್ಥವಾಗದ ಕಾಗದಕ್ಕೆ ರುಜು ಹಾಕುವುದಲ್ಲ. ಈ ಯಂತ್ರ ಏನನ್ನು ನೋಡುತ್ತದೆ, ನೋಡಿದುದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಓದು ಬಾರದ ತಾಯಿಗೂ ಉಂಟು. ಅವಳಿಗೆ ತಿಳಿಯುವ ಮಾತಿನಲ್ಲಿ ಉತ್ತರಿಸುವ ಹೊಣೆ ಶಾಲೆಯದು.

ಹಾಗಾದರೆ ಮಾಡಬೇಕಾದುದೇನು? ಉಪಾಧ್ಯಾಯರ ಮುಂದೆ ಮೂರು ಹೆಜ್ಜೆಗಳಿವೆಯೆಂದು ನಾನು ತಿಳಿದಿದ್ದೇನೆ. ಮೊದಲು ವಸ್ತು: ಕಾಂತವೂ ಕಬ್ಬಿಣದ ಪುಡಿಯೂ ಮಗುವಿನ ಕೈಯಲ್ಲಿರಲಿ, ತನ್ನ ನಾಡಿಯನ್ನು ತಾನೇ ಹಿಡಿದು ಎಣಿಸಲಿ. ಅನಂತರ ಆರೋಪ: ಉಪಕರಣದಲ್ಲಿ ಕಾಣದುದನ್ನು ನೋಡಲಿ, ಸುತ್ತಲಿ, ಬೆರಗಾಗಲಿ. ಕೊನೆಗೆ ಅಪವಾದ: ಉಪಕರಣವನ್ನು ಪಕ್ಕಕ್ಕಿಟ್ಟು, ಕಂಡುದನ್ನು ಹಾಳೆಯ ಮೇಲೆ ಬರೆದು, ಇದರಲ್ಲಿ ಯಾವುದು ನಿಜ, ಯಾವುದು ತಿಳಿಯಲೆಂದು ಹಚ್ಚಿದ ಬಣ್ಣ ಎಂದು ವಿಂಗಡಿಸಿ ಹೇಳಲಿ. ಈ ಮೂರನೆಯ ಹೆಜ್ಜೆಗೆ ವೇಳೆ ಉಳಿಯದಿದ್ದರೆ ಎರಡನೆಯದನ್ನು ಇಡದಿರುವುದೇ ಲೇಸು. ಹೀಗೆ ವಿಂಗಡಿಸಬಲ್ಲ ಮಗುವು ಆ ಒಂದು ಪಾಠವನ್ನಷ್ಟೇ ಕಲಿತಿರುವುದಿಲ್ಲ. ನಾಳೆ ಪರದೆಗಳ ಮೇಲೆ ಬರುವ ಸಾವಿರ ತೋರಿಕೆಗಳ ನಡುವೆ ನಿಂತು ನಿಜವನ್ನು ಆಯುವ ವಿವೇಕವನ್ನು ಗಳಿಸಿರುತ್ತದೆ.

ಮಠದ ನೆರಳಿನಲ್ಲಿ ಅನ್ನ, ಅಕ್ಷರಗಳನ್ನು ಪಡೆದು ಇಂದು ಉತ್ತಮ ಸ್ಥಿತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಶೇಷ ಅರಿಕೆ. ನಿಮ್ಮಲ್ಲಿ ಹಲವರು ಹಿರಿಯರ ಸ್ಮರಣಾರ್ಥ ನಿಮ್ಮೂರಿನ ಶಾಲೆಗಳಿಗೆ ಏನಾದರೂ ಕೊಡಬೇಕೆಂದಿರುವಿರಿ. ಹೊಳೆಯುವ ಉಪಕರಣವನ್ನು ಕೊಡುವುದು ಸುಲಭ. ಅದರ ಮೇಲೆ ಹೆಸರನ್ನೂ ಬರೆಸಬಹುದು. ಶಿಕ್ಷಣದಲ್ಲಿ ತಂತ್ರಜ್ಞಾನದ ಪ್ರಭಾವವನ್ನು ಕುರಿತ ನಿಷ್ಪಕ್ಷವಾದ ಪ್ರಮಾಣಗಳು ಸಾಲದಾಗಿವೆಯೆಂದು ಯುನೆಸ್ಕೋ ತನ್ನ 2023ರ ಜಾಗತಿಕ ವರದಿಯಲ್ಲಿ ಎಚ್ಚರಿಸಿದೆ. ಆದ್ದರಿಂದ ಕೊಡುವ ಮುನ್ನ ಶಾಲೆಗೆ ಹೋಗಿ ವಿಚಾರಿಸಿರಿ. ಅಲ್ಲಿ ವಿಜ್ಞಾನದ ಉಪಾಧ್ಯಾಯರಿದ್ದಾರೆಯೇ? ಕಾಂತ, ಭೂತಕನ್ನಡಿ, ಪ್ರನಾಳಗಳು ಬೀರುವಿನಲ್ಲಿ ಬೀಗದೊಳಗಿವೆಯೋ ಮಕ್ಕಳ ಕೈಯಲ್ಲಿವೆಯೋ? ಎರಡು ವರ್ಷಗಳ ಮೇಲೆ ಉಪಕರಣ ಕೆಟ್ಟರೆ ಸರಿಪಡಿಸುವವರಾರು? ಇವುಗಳಿಗೆ ಸರಿಯಾದ ಉತ್ತರ ದೊರೆತರೆ ಸಂತೋಷದಿಂದ ಉಪಕರಣವನ್ನೂ ಕೊಡಿರಿ, ಅದನ್ನು ಬಳಸುವ ಉಪಾಧ್ಯಾಯರ ತರಬೇತಿಗೂ ಕೊಡಿರಿ. ದೊರೆಯದಿದ್ದರೆ ಮೊದಲು ಆ ಬೀರುವಿನ ಬೀಗವನ್ನು ತೆಗೆಸಿರಿ.

ವಾಚಕರೇ, ಹೊಸದೆಂಬ ಕಾರಣಕ್ಕೆ ಒಂದನ್ನು ಹೊರಗಿಡುವುದು ಹೇಗೆ ವಿವೇಕವಲ್ಲವೋ ಹೊಸದೆಂಬ ಕಾರಣಕ್ಕೇ ಒಳಕರೆಯುವುದೂ ವಿವೇಕವಲ್ಲ. ವರ್ಧಿತ ವಾಸ್ತವವು ಕಣ್ಣಿಗೆ ಬಲ ಕೊಡಬಲ್ಲುದು. ಕಂಡುದನ್ನು ವಿಚಾರಿಸಿ ತನ್ನದಾಗಿಸಿಕೊಳ್ಳುವ ಶ್ರಮವನ್ನು ಮಾತ್ರ ಮಗುವಿನ ಬದಲಿಗೆ ಅದು ಪಡಲಾರದು. ಆ ಶ್ರಮಕ್ಕೆ ಮಗುವನ್ನು ಅಣಿಗೊಳಿಸುವ ಪ್ರೀತಿಯೂ ಅದರಲ್ಲಿಲ್ಲ. ಅವೆರಡೂ ಇಂದಿಗೂ ಶಿಷ್ಯನವು ಮತ್ತು ಗುರುವಿನವು. ನಿಮ್ಮ ಮನೆಯ ಮಗುವು ಇಂದು ಸಂಜೆ ಫೋನಿನಲ್ಲಿ ಹೃದಯವನ್ನು ತೋರಿಸಿ ಹಿಗ್ಗಿದರೆ ನೀವೂ ಹಿಗ್ಗಿರಿ. ಬಳಿಕ ಫೋನನ್ನು ಬದಿಗಿಡಿಸಿ, ಅದರ ಬೆರಳುಗಳನ್ನು ಅದರದೇ ಮಣಿಕಟ್ಟಿನ ಮೇಲಿರಿಸಿ, ಒಂದು ನಿಮಿಷದ ಬಡಿತವನ್ನು ಎಣಿಸಲು ಹೇಳಿರಿ.